ಎದುರಿಗಿರೋರ ಮಾತು ಸರಿಯಾಗಿ ಕೇಳಿಸ್ಕೊಳ್ಳೋದು ಹೇಗೆ, ಆಮೇಲೆ ನಾವ್ ಮಾತಾಡೋದು ಹೇಗೆ

ಚೆನ್ನಾಗಿ ಮಾತಾಡೋದು ಹೇಗೆ ಅಂತ ಕೇಳೋರು ಬೇಕಾದಷ್ಟು ಜನ ಸಿಕ್ತಾರೆ. ಸ್ಟೇಜ್ ಭಯ ಹೋಗೋಕೆ ಏನ್ ಮಾಡ್ಬೇಕು, ಇಂಟರ್‌ವ್ಯೂನಲ್ಲಿ ಹೇಗೆ ಉತ್ತರ ಕೊಡ್ಬೇಕು, ಮೀಟಿಂಗಲ್ಲಿ ನಾನ್ ಹೇಳಿದ್ದನ್ನ ಯಾರೂ ಕಿವಿಗೇ ಹಾಕ್ಕೊಳ್ಳಲ್ಲ ಏನ್ ಮಾಡ್ಲಿ, ಹೀಗೆ. ಆದ್ರೆ ಇನ್ನೊಬ್ರ ಮಾತನ್ನ ಸರಿಯಾಗಿ ಕೇಳಿಸ್ಕೊಳ್ಳೋದು ಹೇಗೆ ಅಂತ ಕೇಳೋರು ಅಪರೂಪ, ಯಾಕಂದ್ರೆ ಕಿವಿ ಇದೆ, ಕೇಳ್ಸತ್ತೆ, ಅದ್ರಲ್ಲಿ ಕಲಿಯೋದೇನಿದೆ ಅಂತ ಎಲ್ರೂ ಅನ್ಕೊಂಡಿರ್ತೀವಿ. ನನ್ ಪ್ರಕಾರ ಕಮ್ಯುನಿಕೇಶನ್ ಸ್ಕಿಲ್ ಅಂತ ಏನನ್ನ ಕರೀತೀವೋ ಅದ್ರಲ್ಲಿ ದೊಡ್ಡ ಪಾಲು ಕೇಳಿಸ್ಕೊಳ್ಳೋದೇ. ಅದು ಬಂದ್ರೆ ಏನ್ ಮಾತಾಡ್ಬೇಕು ಅನ್ನೋದು ಅರ್ಧ ತಾನಾಗೇ ಗೊತ್ತಾಗತ್ತೆ. ಅದಕ್ಕೇ ಇಲ್ಲಿ ಕೇಳೋದ್ರ ಬಗ್ಗೆ ಜಾಸ್ತಿ ಬರ್ದಿದೀನಿ, ಮಾತಾಡೋದ್ರ ಬಗ್ಗೆ ಸ್ವಲ್ಪ ಕಮ್ಮಿ.

ಮೊದ್ಲು ಇದು ಯಾಕಿಷ್ಟು ಕಷ್ಟ ಅಂತ ನೋಡೋಣ. 2009ರಲ್ಲಿ ಭಾಷಾ ವಿಜ್ಞಾನಿಗಳ ಒಂದು ತಂಡ ಪ್ರಪಂಚದ ಬೇರೆ ಬೇರೆ ಕಡೆಯ 10 ಭಾಷೆಗಳ ಮಾತುಕತೆಗಳನ್ನ ಅಳೆದು ನೋಡ್ತು, ಒಬ್ರು ಮಾತು ಮುಗಿಸಿ ಇನ್ನೊಬ್ರು ಶುರು ಮಾಡೋಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ. ಭಾಷೆಯಿಂದ ಭಾಷೆಗೆ ಸ್ವಲ್ಪ ಹೆಚ್ಚು ಕಡಿಮೆ ಇದ್ರೂ ಒಟ್ಟಾರೆ ಸುಮಾರು 200 ಮಿಲಿಸೆಕೆಂಡ್, ಅಂದ್ರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಈಗ ಇನ್ನೊಂದು ವಿಷ್ಯ ಸೇರಿಸ್ಕೊಳ್ಳಿ, ಒಂದೇ ಒಂದು ಪದವನ್ನ ಮನಸ್ಸಲ್ಲಿ ಹುಡುಕಿ ಬಾಯಿಗೆ ತರೋಕೆ ಸುಮಾರು 600 ಮಿಲಿಸೆಕೆಂಡ್ ಬೇಕು. ಲೆಕ್ಕ ಹಾಕಿದ್ರೆ ಏನಾಗತ್ತೆ? ಎದುರಿಗಿರೋರು ಇನ್ನೂ ಮಾತಾಡ್ತಿರುವಾಗ್ಲೇ ನಮ್ ತಲೇಲಿ ಉತ್ತರ ರೆಡಿ ಆಗೋಕೆ ಶುರುವಾಗಿರತ್ತೆ. ಅಂದ್ರೆ ಇದು ಯಾರ್ದೋ ಒಬ್ರ ಕೆಟ್ಟ ಗುಣ ಅಲ್ಲ, ಮಾತುಕತೆ ಅನ್ನೋದೇ ಹಾಗೆ ನಡಿಯತ್ತೆ. ಸಾಮಾನ್ಯ ಹರಟೆಗೆ ಅದು ಸಾಕು ಕೂಡ. ಆದ್ರೆ ಯಾರೋ ಕಷ್ಟ ಹೇಳ್ಕೊಳ್ತಿರುವಾಗ, ಕೆಲಸದ ವಿವರ ಕೊಡ್ತಿರುವಾಗ, ಜಗಳ ಆಗ್ತಿರುವಾಗ ಇದೇ ಅಭ್ಯಾಸ ನಮ್ಮನ್ನ ಹಾಳು ಮಾಡತ್ತೆ, ಯಾಕಂದ್ರೆ ಅವ್ರ ಮೊದಲ ಎರಡು ವಾಕ್ಯಕ್ಕೆ ಉತ್ತರ ರೆಡಿ ಮಾಡ್ಕೊಂಡು ಕೂತಿರ್ತೀವಿ, ಅಸಲಿ ವಿಷ್ಯ ಬರೋದು ಎಂಟನೇ ವಾಕ್ಯದಲ್ಲಿ.

ಹಾಗಾಗಿ ಕಲೀಬೇಕಾದ ಮೊದಲ ಕೆಲಸ ಅಂದ್ರೆ ಉತ್ತರವನ್ನ ತಡೆದು ಹಿಡಿಯೋದು. ಉತ್ತರ ಬರ್ಲೇಬಾರ್ದು ಅಂತ ಪ್ರಯತ್ನ ಪಡ್ಬೇಡಿ, ಅದು ಆಗಲ್ಲ, ಬಂದೇ ಬರತ್ತೆ. ಬಂದಾಗ ಗಮನಿಸಿ, ಓ ನಾನೀಗ ಉತ್ತರ ಕಟ್ತಾ ಇದೀನಿ ಅಂತ ಮನಸ್ಸಲ್ಲೇ ಅನ್ಕೊಂಡು ಮತ್ತೆ ಅವ್ರ ಮಾತಿಗೆ ವಾಪಸ್ ಬನ್ನಿ. ಒಂದು ಮಾತುಕತೇಲಿ ಹತ್ತು ಸಲ ಹೀಗಾದ್ರೂ ಪರವಾಗಿಲ್ಲ, ಹತ್ತು ಸಲಾನೂ ವಾಪಸ್ ಬಂದ್ರೆ ಆಯ್ತು. ಮರ್ತೋಗ್ಬಿಡತ್ತೆ ಅನ್ನೋ ಭಯ ಇದ್ರೆ ಮೀಟಿಂಗಲ್ಲಾದ್ರೆ ಪೇಪರ್ ಮೇಲೆ ಒಂದೇ ಪದ ಗೀಚಿ ಇಟ್ಕೊಳ್ಳಿ, ಪೂರ್ತಿ ವಾಕ್ಯ ಬರೀಬೇಡಿ, ಬರಿಯೋಕೆ ಹೋದ್ರೆ ಅಷ್ಟು ಹೊತ್ತು ಮತ್ತೆ ಕಿವಿ ಮುಚ್ಚಿರತ್ತೆ. ಮರ್ತೇ ಹೋದ್ರೆ? ಬಹಳಷ್ಟು ಸಲ ಅದು ಅಷ್ಟೇನೂ ಮುಖ್ಯ ಆಗಿರಲ್ಲ.

ಮನಸ್ಸನ್ನ ಖಾಲಿ ಬಿಟ್ರೆ ಅದು ಓಡತ್ತೆ ಅನ್ನೋದೂ ನಿಜ, ಮಾತಿನ ವೇಗಕ್ಕಿಂತ ಯೋಚನೆಯ ವೇಗ ತುಂಬಾ ಜಾಸ್ತಿ. ಅದಕ್ಕೇ ಮನಸ್ಸಿಗೆ ಬೇರೆ ಕೆಲಸ ಕೊಡ್ಬೇಕು. ಕೇಳ್ತಾ ಕೇಳ್ತಾನೇ ಇವ್ರು ಹೇಳ್ತಿರೋ ನಡೆದ ವಿಷ್ಯ ಏನು, ಅದ್ರಿಂದ ಇವ್ರಿಗೆ ಹೇಗನ್ಸಿದೆ, ನನ್ನಿಂದ ಇವ್ರಿಗೆ ಏನ್ ಬೇಕಾಗಿದೆ ಅಂತ ಹುಡುಕ್ತಾ ಇರಿ. ಮೂರನೇದು ಎಲ್ಲಕ್ಕಿಂತ ಮುಖ್ಯ, ಮತ್ತೆ ಜನ ಅತಿ ಹೆಚ್ಚು ತಪ್ಪೋದೂ ಅಲ್ಲೇ. ಹೆಂಡ್ತಿ ಆಫೀಸಲ್ಲಾಗಿದ್ದನ್ನ ಹೇಳ್ಕೊಳ್ತಿದ್ರೆ ಗಂಡ ತಕ್ಷಣ ಪರಿಹಾರ ಕೊಡೋಕೆ ಶುರು ಮಾಡ್ತಾನೆ, ಹೀಗ್ ಮಾಡು ಹಾಗ್ ಮಾಡು ಅಂತ, ಅವ್ಳಿಗೆ ಬೇಕಾಗಿದ್ದು ಒಂದು ಕಿವಿ ಅಷ್ಟೇ. ಉಲ್ಟಾನೂ ಆಗತ್ತೆ, ಒಬ್ರಿಗೆ ನಿಜವಾಗ್ಲೂ ಸಲಹೆ ಬೇಕಿರತ್ತೆ, ನಾವು ಬರೀ ಅಯ್ಯೋ ಪಾಪ ಅಂತಿರ್ತೀವಿ. ಊಹೆ ಮಾಡೋದಕ್ಕಿಂತ ಕೇಳ್ಬಿಡಿ: "ನಾನ್ ಸುಮ್ನೆ ಕೇಳ್ಲಾ, ಇಲ್ಲ ಏನಾದ್ರೂ ಐಡಿಯಾ ಹೇಳ್ಬೇಕಾ?" ಇಷ್ಟು ಚಿಕ್ಕ ಪ್ರಶ್ನೆಯಿಂದ ಎಷ್ಟೊಂದು ಮನಸ್ತಾಪ ತಪ್ಪತ್ತೆ ಅನ್ನೋದನ್ನ ಒಂದ್ಸಲ ಮಾಡಿ ನೋಡಿ.

ಮಧ್ಯ ಬಾಯಿ ಹಾಕದೆ ಮುಗಿಸೋಕೆ ಬಿಡಿ

ಇದು ಎಲ್ರಿಗೂ ಗೊತ್ತಿರೋ ಮಾತೇ, ಆದ್ರೆ ನಾವು ಎಷ್ಟು ಬೇಗ ಬಾಯಿ ಹಾಕ್ತೀವಿ ಅನ್ನೋದು ಗೊತ್ತಿರಲ್ಲ. 1984ರಲ್ಲಿ ಅಮೆರಿಕದ ಇಬ್ರು ಸಂಶೋಧಕರು ಡಾಕ್ಟರ್ ಮತ್ತೆ ಪೇಷೆಂಟ್‌ಗಳ ಮಾತುಕತೆ ರೆಕಾರ್ಡ್ ಮಾಡಿ ನೋಡಿದಾಗ, ಪೇಷೆಂಟ್ ತನ್ನ ತೊಂದ್ರೆ ಹೇಳೋಕೆ ಶುರು ಮಾಡಿ ಸರಾಸರಿ 18 ಸೆಕೆಂಡಿಗೇ ಡಾಕ್ಟರ್ ಮಾತು ತುಂಡು ಮಾಡ್ತಿದ್ರು. ಪೂರ್ತಿ ಹೇಳೋಕೆ ಬಿಟ್ರೆ ಗಂಟೆಗಟ್ಟಲೆ ಕೊರೀತಾರೆ ಅನ್ನೋ ಭಯ ಇರತ್ತಲ್ಲ, ಅದೂ ಸುಳ್ಳು, ಹೇಳೋಕೆ ಬಿಟ್ಟ ಪೇಷೆಂಟ್‌ಗಳಲ್ಲಿ ಯಾರೂ ಎರಡೂವರೆ ನಿಮಿಷ ಮೀರ್ಲಿಲ್ಲ. ಇನ್ನೊಂದು, ಜನ ಮೊದ್ಲು ಹೇಳೋ ತೊಂದ್ರೆನೇ ಮುಖ್ಯವಾದ ತೊಂದ್ರೆ ಆಗಿರ್ಬೇಕು ಅಂತ ಇಲ್ಲ, ಹೇಳೋಕೆ ಮುಜುಗರ ಆಗೋದನ್ನ, ಭಯ ಆಗೋದನ್ನ ಕೊನೆಗೆ ಇಟ್ಕೊಂಡಿರ್ತಾರೆ. ಮಗ "ಸ್ಕೂಲ್ ಬೋರ್ ಆಗತ್ತಮ್ಮ" ಅಂತ ಶುರು ಮಾಡ್ತಾನೆ, ಅಮ್ಮ "ಓದೋಕೆ ಸೋಮಾರಿತನ ನಿಂಗೆ" ಅಂತ ಅಲ್ಲೇ ಕತ್ತರಿಸ್ತಾಳೆ, ಕ್ಲಾಸಲ್ಲಿ ಯಾರೋ ದಿನಾ ರೇಗಿಸ್ತಾ ಇದಾರೆ ಅನ್ನೋ ಮಾತು ಗಂಟಲಲ್ಲೇ ಉಳಿದುಹೋಗತ್ತೆ.

ಅವ್ರು ನಿಲ್ಸಿದ ತಕ್ಷಣಾನೂ ಶುರು ಮಾಡ್ಬೇಡಿ. ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸ್‌ರೂಮ್‌ಗಳ ರೆಕಾರ್ಡಿಂಗ್ ಕೇಳಿ ಕಂಡ್ಕೊಂಡಿದ್ದು ಏನಂದ್ರೆ, ಟೀಚರ್‌ಗಳು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯ್ತಿದ್ರು, ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಅಷ್ಟೇ. ಅದನ್ನ 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದ ಆಯ್ತು, ಗೊತ್ತಿಲ್ಲ ಅನ್ನೋದು ಕಮ್ಮಿ ಆಯ್ತು, ಸುಮ್ನಿರ್ತಿದ್ದ ಮಕ್ಕಳೂ ಮಾತಾಡೋಕೆ ಶುರು ಮಾಡಿದ್ರು. ದೊಡ್ಡೋರ ಮಾತುಕತೆಗೂ ಇದು ಹೊಂದತ್ತೆ ಅಂತ ನನ್ ನಂಬಿಕೆ. ಮೌನ ಬಂದಾಗ ಮುಜುಗರ ಆಗತ್ತೆ, ತುಂಬ್ಬಿಡೋಣ ಅನ್ಸತ್ತೆ, ಆದ್ರೆ ಮನಸ್ಸಲ್ಲಿ ಒಂದು ಎರಡು ಮೂರು ಅಂತ ಎಣಿಸಿ. ಎಷ್ಟೋ ಸಲ ಆ ಮೂರು ಸೆಕೆಂಡಲ್ಲೇ "ಅಲ್ಲ, ನಿಜ ಹೇಳ್ಬೇಕು ಅಂದ್ರೆ..." ಅಂತ ಅವ್ರೇ ಮುಂದುವರಿಸ್ತಾರೆ.

"ನಂಗೂ ಹಾಗೇ ಆಗಿತ್ತು" ಅನ್ನೋ ಮುಂಚೆ

ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಡರ್ಬರ್ 1979ರಲ್ಲಿ ಒಂದು ತುಂಬಾ ಉಪಯೋಗದ ವ್ಯತ್ಯಾಸ ತೋರಿಸಿಕೊಟ್ರು. ಒಬ್ರು ಏನೋ ಹೇಳ್ದಾಗ ನಾವು ಕೊಡೋ ಪ್ರತಿಕ್ರಿಯೆ ಎರಡು ಥರ ಇರ್ಬಹುದು, ಒಂದು ಮಾತನ್ನ ನಮ್ಮ ಕಡೆ ಎಳ್ಕೊಳ್ಳೋದು, ಇನ್ನೊಂದು ಅವ್ರ ಹತ್ರಾನೇ ಉಳಿಸೋದು. ಫ್ರೆಂಡ್ "ರಾತ್ರಿ ನಿದ್ದೇನೇ ಬರ್ತಿಲ್ಲ ಕಣೋ" ಅಂದ್ರೆ "ನಂಗೂ ಅಷ್ಟೇ ಮಾರಾಯ, ನಿನ್ನೆ ಎರಡು ಗಂಟೆ ತನಕ ಎದ್ದಿದ್ದೆ" ಅನ್ನೋದು ಎಳ್ಕೊಳ್ಳೋದು. "ಯಾವಾಗಿಂದ ಹೀಗಾಗ್ತಿದೆ?" ಅನ್ನೋದು ಅವ್ನ ಹತ್ರ ಉಳಿಸೋದು. ಮೊದಲನೇದನ್ನ ಹೇಳೋರು ಸ್ವಾರ್ಥಿಗಳು ಅಂತಲ್ಲ, ಬಹಳಷ್ಟು ಜನ ನಿಜವಾಗ್ಲೂ ಪ್ರೀತಿಯಿಂದ್ಲೇ ಹೇಳೋದು, ನೀನೊಬ್ನೇ ಅಲ್ಲ ಅಂತ ಸಮಾಧಾನ ಮಾಡೋಕೆ. ಆದ್ರೆ ಕಷ್ಟ ಹೇಳ್ಕೊಂಡೋರಿಗೆ ಅದು ಹಾಗ್ ಕಾಣಲ್ಲ, ನನ್ ಮಾತು ನನ್ ಕೈಯಿಂದ ಹೋಯ್ತು ಅನ್ಸತ್ತೆ. ಹಾಗಂತ ನಮ್ಮ ಅನುಭವ ಹೇಳ್ಲೇಬಾರ್ದು ಅಂತೇನಿಲ್ಲ, ಅವ್ರ ಮಾತು ಪೂರ್ತಿ ಆದ್ಮೇಲೆ, ಎರಡು ಮೂರು ಪ್ರಶ್ನೆ ಕೇಳಿದ್ಮೇಲೆ ಹೇಳಿ, ಚಿಕ್ಕದಾಗಿ ಹೇಳಿ ಮತ್ತೆ ಮಾತನ್ನ ಅವ್ರಿಗೇ ವಾಪಸ್ ಕೊಡಿ.

ಪ್ರಶ್ನೆ ಬಗ್ಗೆ ಹೇಳೋದಾದ್ರೆ ಅವ್ರು ಆಗಷ್ಟೇ ಹೇಳಿದ್ದರೊಳಗಿಂದ ಹುಟ್ಟೋ ಪ್ರಶ್ನೆನೇ ಒಳ್ಳೇದು. ಲಿಸ್ಟ್ ಹಿಡ್ಕೊಂಡು ಕೇಳಿದ ಹಾಗೆ ಒಂದರಿಂದ ಇನ್ನೊಂದಕ್ಕೆ ಹಾರ್ತಾ ಹೋದ್ರೆ ವಿಚಾರಣೆ ಮಾಡಿದಂಗಾಗತ್ತೆ. "ಯಾಕೆ" ಅಂತ ಶುರುವಾಗೋ ಪ್ರಶ್ನೆ ಹುಷಾರಾಗಿ ಬಳಸಿ, "ಯಾಕೆ ಹಾಗ್ ಮಾಡ್ದೆ?" ಅಂದ್ರೆ ಎದುರಿಗಿರೋರು ಕಟಕಟೇಲಿ ನಿಂತಂಗಾಗಿ ಸಮರ್ಥನೆ ಶುರು ಮಾಡ್ತಾರೆ. ಅದನ್ನೇ "ಆಗ ಏನಾಯ್ತು?" "ಹಾಗ್ ಮಾಡೋಣ ಅಂತ ಹೇಗನ್ಸ್ತು?" ಅಂತ ಕೇಳಿ ನೋಡಿ, ಅದೇ ವಿಷ್ಯ, ಬೇರೆ ಉತ್ತರ ಬರತ್ತೆ.

ಕೇಳಿದ್ದನ್ನ ನಮ್ ಮಾತಲ್ಲಿ ವಾಪಸ್ ಹೇಳೋದು

ಈ ಇಡೀ ಬರಹದಲ್ಲಿ ಒಂದನ್ನ ಮಾತ್ರ ಅಭ್ಯಾಸ ಮಾಡ್ತೀನಿ ಅಂದ್ರೆ ಇದನ್ನ ಮಾಡಿ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಒಂದು ನಿಯಮ ಹೇಳಿದ್ರು, ಇಬ್ರ ಮಧ್ಯ ವಾದ ನಡೀತಿದ್ರೆ ಪ್ರತಿಯೊಬ್ರೂ ತಮ್ಮ ಮಾತು ಶುರು ಮಾಡೋ ಮುಂಚೆ ಹಿಂದಿನವರು ಹೇಳಿದ್ದನ್ನ, ಅವ್ರ ಭಾವನೆಯನ್ನೂ ಸೇರಿಸಿ, ವಾಪಸ್ ಹೇಳ್ಬೇಕು, ಹೌದು ನಾನ್ ಹೇಳಿದ್ದು ಅದೇ ಅಂತ ಅವ್ರು ಒಪ್ಪಿದ ಮೇಲೇನೇ ಮುಂದುವರೀಬೇಕು. 1957ರಲ್ಲಿ ರೋಜರ್ಸ್ ಮತ್ತೆ ರಿಚರ್ಡ್ ಫಾರ್ಸನ್ ಸೇರಿ ಈ ಥರದ ಕೇಳುವಿಕೆಗೆ ಆಕ್ಟಿವ್ ಲಿಸನಿಂಗ್ ಅಂತ ಹೆಸರಿಟ್ರು, ಈಗ ಎಲ್ಲಾ ಟ್ರೈನಿಂಗ್‌ನಲ್ಲೂ ಆ ಪದ ಕೇಳ್ಸತ್ತೆ. ಓದೋಕೆ ಸುಲಭ, ಮಾಡೋಕೆ ಹೋದ್ರೆ ಗೊತ್ತಾಗತ್ತೆ ಎಷ್ಟು ಕಷ್ಟ ಅಂತ, ಅದ್ರಲ್ಲೂ ಸಿಟ್ಟಲ್ಲಿದ್ದಾಗ. ಯಾಕಂದ್ರೆ ವಾಪಸ್ ಹೇಳ್ಬೇಕು ಅಂದ್ರೆ ಒಂದು ನಿಮಿಷಕ್ಕಾದ್ರೂ ಅವ್ರ ಜಾಗದಲ್ಲಿ ನಿಂತು ನೋಡ್ಲೇಬೇಕಾಗತ್ತೆ.

ಆದ್ರೆ ಗಿಳಿಪಾಠ ಮಾಡ್ಬೇಡಿ. ಅವ್ರು "ತುಂಬಾ ಬೇಜಾರಾಗಿದೆ" ಅಂದ್ರೆ "ಓ ನಿಮ್ಗೆ ತುಂಬಾ ಬೇಜಾರಾಗಿದೆ" ಅನ್ನೋದು ಕಿರಿಕಿರಿ. ಒಂದು ಉದಾಹರಣೆ. ಟೀಮಲ್ಲಿರೋ ಹುಡುಗಿ ಬಂದು "ಸರ್, ಮತ್ತೆ ಡೆಡ್‌ಲೈನ್ ಚೇಂಜ್ ಮಾಡಿದಾರೆ, ಇದು ಮೂರನೇ ಸಲ, ನಂಗ್ ಸಾಕಾಗಿದೆ" ಅಂತಾಳೆ. "ಇರ್ಲಿ ಬಿಡಮ್ಮ, ಕ್ಲೈಂಟ್ ಅಂದ್ಮೇಲೆ ಹಾಗೇ" ಅಂದ್ರೆ ಮಾತು ಮುಗೀತು, ಅವ್ಳು ಹೋಗ್ತಾಳೆ, ಬೇಜಾರು ಹೋಗಲ್ಲ. ಬದಲಿಗೆ "ಅಂದ್ರೆ ಕೆಲಸ ಜಾಸ್ತಿ ಅನ್ನೋದಕ್ಕಿಂತ ನಿಮ್ಮನ್ನ ಒಂದು ಮಾತೂ ಕೇಳ್ದೆ ಬದಲಾಯಿಸ್ತಾರೆ ಅನ್ನೋದು ಜಾಸ್ತಿ ಬೇಜಾರಾ?" ಅಂತ ಕೇಳಿ. ಸರಿ ಇದ್ರೆ ಹೌದು ಸರ್ ಅಂತ ಮುಂದೆ ಹೇಳ್ತಾಳೆ, ತಪ್ಪಿದ್ರೆ ಇಲ್ಲ ಸರ್ ಅಂತ ತಿದ್ದುತ್ತಾಳೆ. ತಪ್ಪಾದ್ರೂ ಲಾಭನೇ, ಯಾಕಂದ್ರೆ ಈಗ ಸರಿಯಾದದ್ದು ಗೊತ್ತಾಯ್ತು. ಅದಕ್ಕೇ ಯಾವಾಗ್ಲೂ ಪ್ರಶ್ನೆ ರಾಗದಲ್ಲಿ ಹೇಳಿ, ತೀರ್ಪು ಕೊಟ್ಟಂಗೆ ಹೇಳ್ಬೇಡಿ.

ವಿಮಾನ ಹಾರಿಸೋರಿಗೆ ಇದು ಕಡ್ಡಾಯ. ಕಂಟ್ರೋಲ್ ಟವರ್ ಕೊಡೋ ಮುಖ್ಯ ಸೂಚನೆಗಳನ್ನ ಪೈಲಟ್ ವಾಪಸ್ ಹೇಳ್ಬೇಕು, ತಪ್ಪಿದ್ರೆ ಟವರ್‌ನವರು ತಿದ್ದಬೇಕು. 1977ರ ಮಾರ್ಚ್ 27ಕ್ಕೆ ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಎರಡು ದೊಡ್ಡ ವಿಮಾನ ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ರು. ಮಂಜು ಕವಿದಿತ್ತು, ಬೇರೆ ಕಾರಣಗಳೂ ಇದ್ವು, ಆದ್ರೆ ರೇಡಿಯೋ ಮಾತಲ್ಲಾದ ಗೊಂದಲ ದೊಡ್ಡ ಕಾರಣ, ಒಂದು ವಿಮಾನದ ಪೈಲಟ್ ಅನುಮತಿ ಸಿಕ್ಕಿದೆ ಅನ್ಕೊಂಡು ಹೊರಟ, ಅದೇ ಹೊತ್ತಿಗೆ ಎರಡು ಕಡೆಯಿಂದ ಒಟ್ಟಿಗೇ ಮಾತು ಬಂದು ಎಚ್ಚರಿಕೆ ಸರಿಯಾಗಿ ಕೇಳ್ಸಲೇ ಇಲ್ಲ. ಆಮೇಲೆ ಟೇಕಾಫ್ ಅನ್ನೋ ಪದವನ್ನ ಟೇಕಾಫ್‌ಗೆ ಅನುಮತಿ ಕೊಡುವಾಗ ಅಥವಾ ಅದನ್ನ ರದ್ದು ಮಾಡುವಾಗ ಬಿಟ್ಟು ಬೇರೆಲ್ಲೂ ಬಳಸಬಾರ್ದು ಅಂತ ನಿಯಮ ಬಿಗಿ ಮಾಡಿದ್ರು. ನಮ್ಮ ಕೆಲಸದಲ್ಲಿ ಪ್ರಾಣ ಹೋಗಲ್ಲ ನಿಜ, ಆದ್ರೂ ಫೋನಲ್ಲಿ ಯಾರಾದ್ರೂ ಏನಾದ್ರೂ ಕೆಲಸ ಹೇಳಿದ್ರೆ "ಸರಿ ಸರಿ" ಅನ್ನೋ ಬದ್ಲು "ಅಂದ್ರೆ ಶುಕ್ರವಾರ ಬೆಳಿಗ್ಗೆ ಒಳಗೆ, ಪ್ರಿಂಟ್ ಅಲ್ಲ ಬರೀ ಫೈಲ್, ಅಲ್ವಾ?" ಅಂತ ಒಂದ್ಸಲ ಹೇಳಿ ಫೋನ್ ಇಡಿ.

ಫೋನ್ ಅಂದಾಗ ನೆನಪಾಯ್ತು. ಯಾರಾದ್ರೂ ಮಾತಾಡ್ತಿರುವಾಗ ಮೊಬೈಲ್ ನೋಡ್ತಾ ಹೂಂ ಹೂಂ ಅನ್ನೋದು ಅವಮಾನ ಅಂತ ಗೊತ್ತು, ಆದ್ರೆ ಅದ್ರಿಂದ ಇನ್ನೊಂದು ನಷ್ಟ ಇದೆ. 2000ದಲ್ಲಿ ಜಾನೆಟ್ ಬವೆಲಸ್ ಅನ್ನೋ ಸಂಶೋಧಕಿ ಮತ್ತೆ ಸಂಗಡಿಗರು ಮಾಡಿದ ಪ್ರಯೋಗದಲ್ಲಿ ಒಬ್ರು ತಮ್ಗೆ ಅಪಾಯ ತಪ್ಪಿದ ಘಟನೆ ಹೇಳ್ಬೇಕಿತ್ತು, ಕೇಳೋರಲ್ಲಿ ಕೆಲವರಿಗೆ ಒಂದು ನಿರ್ದಿಷ್ಟ ಅಕ್ಷರದಿಂದ ಶುರುವಾಗೋ ಪದಗಳನ್ನ ಎಣಿಸೋ ಕೆಲಸ ಕೊಟ್ಟಿದ್ರು. ಹೀಗೆ ಗಮನ ಬೇರೆ ಕಡೆ ಇದ್ದೋರ ಎದುರು ಹೇಳಿದೋರು ಕಥೆಯನ್ನೇ ಕೆಟ್ಟದಾಗಿ ಹೇಳಿದ್ರು, ಅದ್ರಲ್ಲೂ ಕೊನೆ ಭಾಗದಲ್ಲಿ ತಡವರಿಸಿದ್ರು. ಅಂದ್ರೆ ಮಾತು ಚೆನ್ನಾಗಿರೋದು ಬರೀ ಆಡೋರ ಕೈಲಿಲ್ಲ, ಕೇಳೋರ ಮುಖದಲ್ಲೂ ಇದೆ. "ಇವ್ನಿಗೆ ಒಂದು ವಿಷ್ಯ ನೆಟ್ಟಗೆ ಹೇಳೋಕೆ ಬರಲ್ಲ" ಅಂತ ಯಾರ ಬಗ್ಗೆಯಾದ್ರೂ ಅನ್ಸಿದ್ರೆ ಅವ್ನು ಹೇಳ್ತಿರುವಾಗ ನಾವೇನ್ ಮಾಡ್ತಿದ್ವಿ ಅಂತಾನೂ ನೋಡ್ಕೊಳ್ಬೇಕು. ಫೋನನ್ನ ಮಗುಚಿ ಇಡೋದಲ್ಲ, ಕಣ್ಣಿಗೆ ಕಾಣದ ಹಾಗೆ ಇಡಿ. ನಿಜವಾಗ್ಲೂ ಅರ್ಜೆಂಟ್ ಇದ್ರೆ "ಹತ್ತು ನಿಮಿಷ ಕೊಡಿ, ಇದೊಂದು ಮುಗಿಸಿ ಪೂರ್ತಿ ಕೇಳ್ತೀನಿ" ಅಂತ ಹೇಳೋದು ಅರೆಬರೆ ಕೇಳೋದಕ್ಕಿಂತ ಎಷ್ಟೋ ಮರ್ಯಾದೆ.

ಇನ್ನೊಂದು ಚಿಕ್ಕ ವಿಷ್ಯ, ಮನೇಲಿ ವಯಸ್ಸಾದವರು ಪದೇ ಪದೇ "ಏನಂದೆ?" ಅಂತಿದ್ರೆ, ಇಲ್ಲ ಸಂಬಂಧ ಇಲ್ಲದ ಉತ್ತರ ಕೊಡ್ತಿದ್ರೆ ಗಮನ ಇಲ್ಲ ಅಂತ ರೇಗೋ ಮುಂಚೆ ಕಿವಿ ಪರೀಕ್ಷೆ ಮಾಡ್ಸಿ. ಅವ್ರ ಎದುರಿಗೆ ಬಂದು, ಮುಖ ಕಾಣೋ ಹಾಗೆ, ಸ್ವಲ್ಪ ನಿಧಾನವಾಗಿ ಮಾತಾಡಿ, ಕಿರುಚಿದ್ರೆ ಮಾತು ಇನ್ನಷ್ಟು ಅಸ್ಪಷ್ಟ ಆಗತ್ತೆ.

ಈಗ ಮಾತಾಡೋದು

ನಮ್ ತಲೇಲಿರೋದು ನಮ್ಗೆ ಎಷ್ಟು ಸ್ಪಷ್ಟವಾಗಿರತ್ತೆ ಅಂದ್ರೆ ಎದುರಿಗಿರೋರಿಗೂ ಹಾಗೇ ಕಾಣತ್ತೆ ಅನ್ಸಿಬಿಡತ್ತೆ. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟೀಲಿ ಎಲಿಜಬೆತ್ ನ್ಯೂಟನ್ ಅನ್ನೋ ಸಂಶೋಧಕಿ ಇದನ್ನ ಸೊಗಸಾಗಿ ತೋರಿಸಿದ್ರು. ಒಬ್ರು ಎಲ್ರಿಗೂ ಗೊತ್ತಿರೋ ಹಾಡಿನ ತಾಳವನ್ನ ಮೇಜಿನ ಮೇಲೆ ಬೆರಳಲ್ಲಿ ಬಡೀಬೇಕು, ಇನ್ನೊಬ್ರು ಅದು ಯಾವ ಹಾಡು ಅಂತ ಕಂಡುಹಿಡೀಬೇಕು. ಬಡಿಯೋರು ಅರ್ಧದಷ್ಟಾದ್ರೂ ಸರಿಯಾಗಿ ಹೇಳ್ತಾರೆ ಅಂತ ಅನ್ಕೊಂಡಿದ್ರು, 120 ಹಾಡಲ್ಲಿ ಕಂಡುಹಿಡಿದಿದ್ದು 3 ಮಾತ್ರ. ಬಡಿಯೋರ ತಲೇಲಿ ಹಾಡು ಪೂರ್ತಿ ಓಡ್ತಿರತ್ತೆ, ಕೇಳೋರಿಗೆ ಬರೀ ಟಕ್ ಟಕ್. ಆಫೀಸಲ್ಲಿ "ನಾನ್ ಕ್ಲಿಯರಾಗೇ ಹೇಳಿದ್ನಲ್ಲ" ಅನ್ನೋ ಜಗಳ ಇದೇನೇ. ಹಾಗಾಗಿ ಮುಖ್ಯ ವಿಷ್ಯ ಮೊದಲನೇ ವಾಕ್ಯದಲ್ಲೇ ಹೇಳಿ, ಹಿನ್ನೆಲೆ ಆಮೇಲೆ. "ನಾಳೆ ರಜೆ ಬೇಕು, ಯಾಕಂದ್ರೆ..." ಅಂತ ಶುರು ಮಾಡಿ, ಸುತ್ತಿ ಬಳಸಿ ಕೊನೆಗೆ ರಜೆಗೆ ಬಂದ್ರೆ ಅಷ್ಟೊತ್ತಿಗೆ ಕೇಳೋರು ಇವ್ರಿಗೆ ಏನೋ ದೊಡ್ಡದು ಬೇಕಿದೆ ಅಂತ ಗಾಬರಿ ಆಗಿರ್ತಾರೆ. ಒಂದೇ ಸಲಕ್ಕೆ ಐದು ವಿಷ್ಯ ತುರುಕ್ಬೇಡಿ. ಕೊನೇಲಿ "ಅರ್ಥ ಆಯ್ತಾ?" ಅಂತ ಕೇಳ್ಬೇಡಿ, ಎಲ್ರೂ ಹೂಂ ಅಂತಾರೆ. "ನಾನ್ ಏನಾದ್ರೂ ಬಿಟ್ನಾ ನೋಡಿ, ನೀವು ಮೊದ್ಲು ಯಾವ್ದು ಶುರು ಮಾಡ್ತೀರಿ?" ಅಂತ ಕೇಳಿದ್ರೆ ಎಷ್ಟು ತಲುಪಿದೆ ಅಂತ ನಿಜವಾಗಿ ಗೊತ್ತಾಗತ್ತೆ.

ಮಾತಲ್ಲಿ ಪದಗಳಿಗೆ 7 ಪರ್ಸೆಂಟ್ ಬೆಲೆ, ದನಿಗೆ 38, ಮುಖಭಾವಕ್ಕೆ 55 ಅಂತ ಟ್ರೈನರ್‌ಗಳು ಹೇಳೋದನ್ನ ನೀವೂ ಕೇಳಿರ್ತೀರಿ. ದಯವಿಟ್ಟು ಅದನ್ನ ಹಾಗೇ ನಂಬ್ಬೇಡಿ. 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮಾಡಿದ ಪ್ರಯೋಗಗಳಿಂದ ಬಂದ ಲೆಕ್ಕ ಅದು, ಇಷ್ಟ ಇದೆಯೋ ಇಲ್ವೋ ಅನ್ನೋ ಭಾವನೆ ಬಗ್ಗೆ, ಪದ ಒಂದು ಹೇಳಿ ಮುಖ ಇನ್ನೊಂದು ಹೇಳ್ತಿದ್ರೆ ಜನ ಯಾವ್ದನ್ನ ನಂಬ್ತಾರೆ ಅನ್ನೋದಕ್ಕೆ ಮಾತ್ರ ಹೊಂದತ್ತೆ, ಎಲ್ಲಾ ಮಾತಿಗೂ ಹಾಕ್ಬಾರ್ದು ಅಂತ ಅವ್ರೇ ಹೇಳಿದಾರೆ. ದನಿ, ಮುಖ ಮುಖ್ಯನೇ, ಆದ್ರೆ ಕೋಟು ನೆಟ್ಟಗಿದ್ದು ಕೈ ಚೆನ್ನಾಗಿ ಆಡಿಸಿದ್ರೆ ಸಾಕು, ಹೇಳೋ ವಿಷ್ಯ ಹೇಗಿದ್ರೂ ನಡಿಯತ್ತೆ ಅನ್ನೋದು ಶುದ್ಧ ಸುಳ್ಳು.

ದೂರು ಹೇಳೋದೇ ಎಲ್ಲಕ್ಕಿಂತ ಕಷ್ಟದ ಮಾತು. ಅಲ್ಲಿ ಎರಡು ಪದ ಬಿಟ್ಬಿಡಿ, "ಯಾವಾಗ್ಲೂ" ಮತ್ತೆ "ಒಂದಿನಾನೂ". "ನೀನ್ ಯಾವಾಗ್ಲೂ ಲೇಟು" ಅಂದ ತಕ್ಷಣ ಎದುರಿಗಿರೋರು ಬೇಗ ಬಂದ ಆ ಒಂದು ದಿನವನ್ನ ಹುಡುಕೋಕೆ ಹೋಗ್ತಾರೆ, ಮಾತಿಗೆ ಮಾತು ಬೆಳೆಯತ್ತೆ. ಏನ್ ನಡೀತು, ಅದ್ರಿಂದ ನಂಗೇನಾಯ್ತು, ಈಗ ಏನ್ ಬೇಕು, ಇಷ್ಟನ್ನ ಹೇಳಿ. "ಇವತ್ತು ಏಳಕ್ಕೆ ಬರ್ತೀನಿ ಅಂದಿದ್ದೆ, ಎಂಟೂವರೆ ಆಯ್ತು, ಫೋನೂ ಬರ್ಲಿಲ್ಲ, ನಂಗ್ ಭಯ ಆಯ್ತು. ಇನ್ಮೇಲೆ ಲೇಟಾಗತ್ತೆ ಅಂತ ಗೊತ್ತಾದ ತಕ್ಷಣ ಒಂದು ಮೆಸೇಜ್ ಹಾಕ್ತೀಯಾ?" ಇದ್ರಲ್ಲಿ ಬೈಗುಳ ಇಲ್ಲ, ಆದ್ರೆ ಹೇಳ್ಬೇಕಾದ್ದು ಎಲ್ಲಾ ಇದೆ, ಮತ್ತೆ ಎದುರಿಗಿರೋರು ಮಾಡ್ಬಹುದಾದ ಒಂದು ಕೆಲಸಾನೂ ಇದೆ. ಇಂಥದ್ದನ್ನ ಮೆಸೇಜಲ್ಲಿ ಬರೀಬೇಡಿ, ಬರಹದಲ್ಲಿ ದನಿ ಹೋಗಲ್ಲ, ನಾವು ಮೆತ್ತಗೆ ಬರ್ದಿದ್ದು ಅವ್ರಿಗೆ ಚುಚ್ಚಿದಂಗೆ ಕಾಣತ್ತೆ.

ಸಿಟ್ಟು ನೆತ್ತಿಗೇರಿದ್ರೆ ಯಾವ ಟೆಕ್ನಿಕ್ಕೂ ನಡಿಯಲ್ಲ, ಎದೆ ಹೊಡ್ಕೊಳ್ತಿರುವಾಗ ಕಿವಿ ಕೆಲಸ ಮಾಡಲ್ಲ. ದಾಂಪತ್ಯದ ಜಗಳಗಳ ಬಗ್ಗೆ ದಶಕಗಟ್ಟಲೆ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಹೇಳೋ ಪ್ರಕಾರ ಅಂಥ ಹೊತ್ತಲ್ಲಿ ಕಡೇಪಕ್ಷ 20 ನಿಮಿಷ ಬಿಡುವು ತಗೋಬೇಕು, ದೇಹ ತಣ್ಣಗಾಗೋಕೆ ಅಷ್ಟು ಬೇಕು. ಆದ್ರೆ ಸುಮ್ನೆ ಎದ್ದು ಹೋಗ್ಬೇಡಿ, ಅದು ಬಾಗಿಲು ಹಾಕಿದಂಗಾಗತ್ತೆ. "ಈಗ ನನ್ ಕೈಲಾಗ್ತಿಲ್ಲ, ಅರ್ಧ ಗಂಟೆ ಬಿಟ್ಟು ಮಾತಾಡೋಣ" ಅಂತ ಹೇಳಿ ಹೋಗಿ, ಹೇಳಿದ ಹೊತ್ತಿಗೆ ನೀವೇ ವಾಪಸ್ ಬನ್ನಿ.

ಕೇಳಿಸ್ಕೊಳ್ಳೋದು ಅಂದ್ರೆ ಒಪ್ಕೊಳ್ಳೋದು ಅಂತಲ್ಲ, ಎಲ್ಲಾನೂ ಸಹಿಸ್ಕೊಳ್ಳೋದು ಅಂತಲೂ ಅಲ್ಲ. ಬೈಗುಳ, ಹೀಯಾಳಿಸೋದು ಶುರುವಾದ್ರೆ ನಿಲ್ಸಿ ಎದ್ದು ಹೋಗೋ ಹಕ್ಕು ನಿಮ್ಗಿದೆ. ಇನ್ನು ಕೆಲವರು ಒಂದೇ ವಿಷ್ಯ ಸುತ್ತಿ ಸುತ್ತಿ ಹೇಳ್ತಾರೆ, ಅಲ್ಲಿ ಮಧ್ಯ ಬಾಯಿ ಹಾಕೋದು ತಪ್ಪಲ್ಲ, ಆದ್ರೆ ಹಾಕೋ ರೀತಿ ಇದೆ. "ಒಂದ್ ನಿಮಿಷ, ನೀವ್ ಹೇಳಿದ್ದು ನಂಗ್ ಸರಿಯಾಗಿ ಅರ್ಥ ಆಯ್ತಾ ನೋಡ್ತೀನಿ" ಅಂತ ಹೇಳಿ ಅವ್ರ ಮಾತನ್ನ ಎರಡು ವಾಕ್ಯದಲ್ಲಿ ವಾಪಸ್ ಹೇಳಿ. ಎಷ್ಟೋ ಜನ ಮತ್ತೆ ಮತ್ತೆ ಹೇಳೋದು ತಲುಪಿಲ್ಲ ಅನ್ನೋ ಅನುಮಾನದಿಂದ್ಲೇ, ತಲುಪಿದೆ ಅಂತ ಗೊತ್ತಾದ್ರೆ ತಾವೇ ನಿಲ್ಲಿಸ್ತಾರೆ.

ಅಭ್ಯಾಸಕ್ಕೆ ದಿನಕ್ಕೆ ಒಂದೇ ಮಾತುಕತೆ ಆರಿಸ್ಕೊಳ್ಳಿ, ಎಲ್ಲಾದ್ರಲ್ಲೂ ಮಾಡೋಕೆ ಹೋದ್ರೆ ಸುಸ್ತಾಗತ್ತೆ, ಗಮನ ಕೊಟ್ಟು ಕೇಳೋದು ನಿಜವಾದ ದುಡಿಮೆ. ಮೊದಲ ವಾರ ಬರೀ ಮೂರು ಸೆಕೆಂಡ್ ಕಾಯೋದು ಮಾಡಿ. ಅದು ಒಗ್ಗಿದ ಮೇಲೆ ವಾಪಸ್ ಹೇಳೋದು ಸೇರಿಸಿ. ಮಾತು ಮುಗಿದು ಒಬ್ರೇ ಆದಾಗ ಅವ್ರು ಹೇಳಿದ್ದರಲ್ಲಿ ನಿಮ್ಗೆ ಮೊದ್ಲು ಗೊತ್ತಿಲ್ಲದೆ ಇದ್ದದ್ದು ಏನಿತ್ತು ಅಂತ ನೆನಪು ಮಾಡ್ಕೊಂಡು ನೋಡಿ. ಒಂದೂ ಹೊಳೀಲಿಲ್ಲ ಅಂದ್ರೆ ಆವತ್ತು ಕೇಳಿಸ್ಕೊಂಡಿಲ್ಲ ಅಂತ ಲೆಕ್ಕ, ಮಾರನೇ ದಿನ ಅದೇ ವ್ಯಕ್ತಿ ಹತ್ರ ಹೋಗಿ "ನಿನ್ನೆ ಅದೇನೋ ಹೇಳ್ತಿದ್ರಲ್ಲ, ಇನ್ನೊಂದ್ಸಲ ಹೇಳ್ತೀರಾ?" ಅಂತ ಕೇಳಿ, ಖಂಡಿತ ಹೇಳ್ತಾರೆ.